ಪಾತ್ರವಿಲ್ಲದ ಪಾತ್ರಧಾರಿಗಳು

ಕೆಟ್ಟ ಚಲನಚಿತ್ರಗಳು ಎಲ್ಲ ಕಾಲದಲ್ಲಿಯೂ ಇದ್ದವು, ಮುಂದೆಯೂ ಇರುವುವು. ಅಶಕ್ತರಾದವರು ಕೂಡಿ ಅಶಕ್ತವಾದೊಂದು ಕೃತಿಯನ್ನು ನಿರ್ಮಿಸಿದರೆ ಅದರಿಂದ ಪ್ರೇಕ್ಷಕನಿಗಾಗುವ ನಷ್ಟ ಒಂದು ಟಿಕೆಟ್ಟಿನ ಬೆಲೆ ಮತ್ತು ಒಂದು ಸಾಯಂಕಾಲ. ಅದನ್ನು ಅವನು ಬೇಗನೆ ಮರೆತುಬಿಡಬಲ್ಲನು. ಆದರೆ ತಮ್ಮ ಕಲೆಯಲ್ಲಿ ಚೆನ್ನಾಗಿ ಪಳಗಿದ, ಒಂದೊಂದು ದೃಶ್ಯವನ್ನೂ ತಮ್ಮ ಸಾನ್ನಿಧ್ಯಮಾತ್ರದಿಂದ ಬೆಳಗಬಲ್ಲ ಏಳೆಂಟು ಮಂದಿ ನಟನಟಿಯರನ್ನು ಒಂದೆಡೆ ಕಲೆಹಾಕಿ, ಅವರ ತಿಂಗಳುಗಟ್ಟಲೆ ಕಾಲವನ್ನು ಕೊಂಡು, ಕೊನೆಗೆ ಅವರಲ್ಲಿ ಹೆಚ್ಚಿನವರಿಗೆ ಆಡಲು ಒಂದು ಸಾರ್ಥಕವಾದ ಮಾತನ್ನಾಗಲಿ, ಅನುಭವಿಸಲು ಒಂದು ನಿಜವಾದ ಭಾವವನ್ನಾಗಲಿ ಕೊಡದೆ ಕಳುಹಿಸಿಬಿಡುವ ಚಿತ್ರಗಳನ್ನು ಕಂಡಾಗ ಉಂಟಾಗುವ ವ್ಯಥೆ ಬೇರೆಯೇ ಜಾತಿಯದು. ನಟನ ಉಪಕರಣ ಅವನ ದೇಹ, ಅವನ ಧ್ವನಿ, ಅವನ ವಯಸ್ಸು. ಅವು ದಿನದಿನಕ್ಕೆ ಬದಲಾಗುತ್ತ ಹೋಗುವಂಥವು. ನಲವತ್ತನೆಯ ವರ್ಷದಲ್ಲಿ ಅವನು ಮಾಡಬಹುದಾಗಿದ್ದ ಪಾತ್ರವನ್ನು ಅರವತ್ತರಲ್ಲಿ ಯಾರೂ ಅವನಿಗೆ ತಿರುಗಿ ಕೊಡಲಾರರು. ಆದ್ದರಿಂದ ಈ ಬಗೆಯ ಅಪವ್ಯಯವನ್ನು ವ್ಯಾಪಾರದ ಏರಿಳಿತವೆಂದು ಎಣಿಸಿ ಸುಮ್ಮನಾಗುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಚೆನ್ನೈಯಲ್ಲಿ ವಾಸಿಸುವ ಕನ್ನಡ ಪ್ರೇಕ್ಷಕನಿಗೆ 2025ನೆಯ ವರ್ಷ ಈ ವ್ಯಥೆಯನ್ನು ಎರಡು ಬಾರಿ ತಂದಿತು. ಜೂನ್ 5ರಂದು ಮಣಿರತ್ನಂ ಅವರ ‘ಥಗ್ ಲೈಫ್’ ಬಿಡುಗಡೆಯಾಯಿತು. ಕಮಲ್ ಹಾಸನ್ ಅವರು ಕನ್ನಡದ ಹುಟ್ಟಿನ ವಿಷಯದಲ್ಲಿ ಆಡಿದ ಮಾತಿನಿಂದೆದ್ದ ವಿವಾದದ ಕಾರಣ ಅಂದು ಆ ಚಿತ್ರ ಕರ್ನಾಟಕಕ್ಕೆ ಬರಲಿಲ್ಲ. ಇಲ್ಲಿಯ ಕನ್ನಡಿಗರು ಮಾತ್ರ ಅದನ್ನು ನೋಡಬಹುದಾಗಿತ್ತು. ಆ ವಿವಾದವನ್ನು ಬದಿಗಿಟ್ಟು ಕೃತಿಯನ್ನೇ ನೋಡಿದರೂ ಸಮಾಧಾನವಾಗುವಂತಿರಲಿಲ್ಲ. ಕಮಲ್, ಸಿಲಂಬರಸನ್, ತ್ರಿಷಾ, ನಾಸರ್, ಜೋಜು ಜಾರ್ಜ್, ಐಶ್ವರ್ಯ ಲಕ್ಷ್ಮಿ, ಅಲಿ ಫಜಲ್, ಅಭಿರಾಮಿ ಎಂಬ ಸಾಲನ್ನು ನೋಡಿದವರಿಗೆ ಎಂಥ ಔತಣವೋ ಎಂದು ತೋರುತ್ತಿತ್ತು. ಆದರೆ ಚಿತ್ರದೊಳಗೆ ಅವರಲ್ಲಿ ಹೆಚ್ಚಿನವರು ಕಥೆಯ ದಾರಿಯಲ್ಲಿ ನೆಟ್ಟ ಗುರುತಿನ ಕಲ್ಲುಗಳಂತೆ ಬಂದು ಹಿಂದಾದರು. ಆಗಸ್ಟ್ 14ರಂದು ಲೋಕೇಶ್ ಕನಗರಾಜ್ ಅವರ ‘ಕೂಲಿ’ ಬಂದಿತು. ರಜನೀಕಾಂತ್, ನಾಗಾರ್ಜುನ, ಸತ್ಯರಾಜ್, ಸೌಬಿನ್ ಶಾಹಿರ್, ಶ್ರುತಿ ಹಾಸನ್, ಆಮಿರ್ ಖಾನ್ ಇವರೊಡನೆ ನಮ್ಮ ಉಪೇಂದ್ರರೂ ಇದ್ದರು. ‘ಓಂ’ ಮತ್ತು ‘ಎ’ ಚಿತ್ರಗಳನ್ನು ನಿರ್ದೇಶಿಸಿ ಕನ್ನಡ ಚಿತ್ರಕಥನದ ರೀತಿಯನ್ನೇ ಕದಲಿಸಿದ ಮನುಷ್ಯನಿಗೆ ಅಲ್ಲಿ ದೊರೆತದ್ದು ಹೊಡೆದಾಟದ ಕೆಲವು ನಿಮಿಷಗಳು ಮಾತ್ರ. ರಚಿತಾ ರಾಮ್ ಅವರ ಪಾತ್ರದಲ್ಲಿ ಅನಿರೀಕ್ಷಿತವಾದ ತಿರುವಿತ್ತೆಂಬುದನ್ನೂ, ಅದನ್ನು ಅವರು ಸಮರ್ಥವಾಗಿ ನಿರ್ವಹಿಸಿದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೂ ಒಟ್ಟಿನಲ್ಲಿ ನೋಡುವಾಗ, ಅಷ್ಟೊಂದು ಸಾಮರ್ಥ್ಯವನ್ನು ಒಂದೇ ಸೂರಿನ ಕೆಳಗೆ ಕೂಡಿಸಿದ್ದು ಯಾವ ಪ್ರಯೋಜನಕ್ಕೆಂಬ ಪ್ರಶ್ನೆಗೆ ಚಿತ್ರದೊಳಗೆ ಉತ್ತರವಿರಲಿಲ್ಲ.

ಇದೇ ಮಣಿರತ್ನಂ ಮತ್ತು ಇದೇ ಕಮಲ್ ಹಾಸನ್ 1987ರಲ್ಲಿ ‘ನಾಯಕನ್’ ಚಿತ್ರವನ್ನು ಮಾಡಿದ್ದರು. ಅದರಲ್ಲಿ, ಅನಾಥನಾಗಿ ಮುಂಬಯಿಗೆ ಬಂದ ಬಾಲಕನನ್ನು ಸಾಕುವ ಹುಸೇನ್ ಭಾಯಿ ಎಂಬ ವೃದ್ಧನ ಪಾತ್ರವಿದೆ. ಅದನ್ನು ವಹಿಸಿದವರು ನಮ್ಮ ಎಂ. ವಿ. ವಾಸುದೇವರಾಯರು, ‘ಚೋಮನ ದುಡಿ’ಯ ಚೋಮನಾಗಿ ಅತ್ಯುತ್ತಮ ನಟನೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದವರು. ಹುಸೇನ್ ಭಾಯಿ ತೆರೆಯ ಮೇಲೆ ಇರುವ ಕಾಲ ಸ್ವಲ್ಪ, ಆಡುವ ಮಾತು ಇನ್ನೂ ಸ್ವಲ್ಪ. ಆದರೆ ಆ ಮನುಷ್ಯನ ದಯೆ, ಅವನ ಬಡತನ, ಕಾನೂನಿನ ಹೊರಗೆ ನಿಂತೂ ಧರ್ಮದ ಒಳಗೆ ಉಳಿದ ಅವನ ಬಾಳು, ಇವು ಇಲ್ಲದಿದ್ದರೆ ಮುಂದೆ ಕಥಾನಾಯಕನು ಏನಾದನೋ ಅದು ನಮಗೆ ಅರ್ಥವಾಗುತ್ತಲೇ ಇರಲಿಲ್ಲ. ಕಥೆಗೆ ಆ ವೃದ್ಧನ ಅವಶ್ಯಕತೆಯಿತ್ತು. ಆದಕಾರಣ ಚೋಮನನ್ನು ಮಾಡಿದ ನಟನಿಗೆ ತನ್ನ ಶಕ್ತಿಯನ್ನು ಊರಲು ನೆಲ ದೊರೆಯಿತು. ಜನಕರಾಜ್, ದೆಹಲಿ ಗಣೇಶ್, ನಾಸರ್, ಶರಣ್ಯಾ ಇವರೆಲ್ಲರನ್ನು ಜನ ಇಂದಿಗೂ ಆ ಚಿತ್ರದ ಪಾತ್ರಗಳಿಂದ ನೆನೆಯುತ್ತಾರೆ. ಪ್ರತಿಭೆಯ ಸದ್ವಿನಿಯೋಗವನ್ನು ಪಾತ್ರದ ಉದ್ದದಿಂದ ಅಳೆಯಬಾರದು, ಕಥೆಗೆ ಆ ಪಾತ್ರದ ಅವಶ್ಯಕತೆ ಎಷ್ಟಿದೆಯೆಂಬುದರಿಂದ ಅಳೆಯಬೇಕು ಎಂಬುದೇ ಈ ಲೇಖನದ ಮೂಲಸೂತ್ರ.

ಈ ವಿಚಾರವನ್ನು ಚೆನ್ನೈಯಲ್ಲಿ ನಿಂತು ಆಡುವುದಕ್ಕೆ ಕನ್ನಡಿಗರಿಗೆ ವಿಶೇಷವಾದ ಅಧಿಕಾರವಿದೆ. ಇಲ್ಲಿಯ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋ ಬೀದಿಗಳು ಕನ್ನಡ ಚಿತ್ರರಂಗದ ತೊಟ್ಟಿಲು. 1954ರಲ್ಲಿ ಬಂದ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ಎಷ್ಟೋ ವರ್ಷ ನಮ್ಮ ಕಲಾವಿದರು ಈ ಊರಿನಲ್ಲಿಯೇ ಬಾಡಿಗೆಯ ಮನೆಗಳಲ್ಲಿದ್ದುಕೊಂಡು, ತಮಿಳು ತೆಲುಗು ಚಿತ್ರಗಳ ಚಿತ್ರೀಕರಣ ಮುಗಿದು ಸ್ಟುಡಿಯೋ ಬಿಡುವಾಗುವುದನ್ನು ಕಾದುಕೊಂಡು ದುಡಿದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಆ ದಿನಗಳಲ್ಲಿ ಕೆಲಸವಿಲ್ಲದ ಕಷ್ಟವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಇವರು ಕೂಡಿ ಕಲಾವಿದರದೇ ಆದ ಸಂಘವೊಂದನ್ನು ಕಟ್ಟಿ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ಹೊರತಂದದ್ದು ಆ ಕಷ್ಟದೊಳಗಿಂದಲೇ. ನಟನಿಗೆ ಪಾತ್ರವೇ ಅನ್ನ, ಪಾತ್ರವೇ ಮರ್ಯಾದೆ ಎಂಬುದು ಆ ತಲೆಮಾರಿಗೆ ಅನುಭವದಿಂದ ಬಂದ ಜ್ಞಾನ. ಬಾಲಕೃಷ್ಣ, ನರಸಿಂಹರಾಜುಗಳಿಗೆ ಅಂದಿನ ಕಥೆಗಾರರು ಬರೆದುಕೊಟ್ಟ ಪಾತ್ರಗಳಲ್ಲಿ ಸಾಧಾರಣವಾದವು ಅನೇಕ ಇದ್ದುವಾದರೂ, ಅವರು ತೆರೆಯ ಮೇಲೆ ಬಂದುಹೋದ ಮೇಲೆ ಕಥೆ ಸ್ವಲ್ಪವಾದರೂ ಮುಂದೆ ಸಾಗಿರುತ್ತಿತ್ತು.

ಬಹುತಾರಾಗಣದ ಚಿತ್ರವೆಂಬುದು ತನ್ನಷ್ಟಕ್ಕೆ ದೋಷವಲ್ಲ. ಕೋಲಾರದ ಕಡೆಯಿಂದ ಬಂದು ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯನ್ನು ನಡೆಸಿದ ಬಿ. ಆರ್. ಪಂತುಲು ಅವರು 1964ರಲ್ಲಿ ತಮಿಳಿನ ‘ಕರ್ಣನ್’ ಚಿತ್ರವನ್ನು ನಿರ್ಮಿಸಿ ನಿರ್ದೇಶಿಸಿದಾಗ ಶಿವಾಜಿ ಗಣೇಶನ್, ಎನ್. ಟಿ. ರಾಮರಾವ್, ಸಾವಿತ್ರಿ, ದೇವಿಕಾ, ಅಶೋಕನ್, ಮುತ್ತುರಾಮನ್ ಎಲ್ಲರೂ ಒಂದೇ ಚಿತ್ರದಲ್ಲಿದ್ದರು. ಅವರಲ್ಲಿ ಒಬ್ಬರೂ ಇನ್ನೊಬ್ಬರ ನೆರಳಿನಲ್ಲಿ ಮಾಸಿಹೋಗಲಿಲ್ಲ. ಏಕೆಂದರೆ ಕರ್ಣ, ಕೃಷ್ಣ, ದುರ್ಯೋಧನರಲ್ಲಿ ಒಬ್ಬೊಬ್ಬರಿಗೂ ಒಂದು ಸಂಕಟವುಂಟು, ಒಂದು ಧರ್ಮವುಂಟು. ಆ ಚಿತ್ರ 2012ರಲ್ಲಿ ಹೊಸ ಮೆರುಗಿನೊಡನೆ ಮತ್ತೆ ಬಿಡುಗಡೆಯಾದಾಗ ಅರ್ಧ ಶತಮಾನದ ಹಿಂದಿನ ಆ ನಟರನ್ನು ನೋಡಲು ಹೊಸ ಪೀಳಿಗೆಯವರೂ ಬಂದರು. ಎ. ಪಿ. ನಾಗರಾಜನ್ ಅವರ ‘ತಿಲ್ಲಾನಾ ಮೋಹನಾಂಬಾಳ್’ ಮತ್ತೊಂದು ನಿದರ್ಶನ. ಶಿವಾಜಿ, ಪದ್ಮಿನಿಯರ ಮಧ್ಯದಲ್ಲಿಯೂ ಬಾಲಯ್ಯ, ಮನೋರಮಾ, ನಾಗೇಶ್ ಮೂವರೂ ತಮ್ಮ ತಮ್ಮ ಪಾಲಿನ ಚಿತ್ರವನ್ನು ಗೆದ್ದುಕೊಂಡರು.

ಸದ್ವಿನಿಯೋಗಕ್ಕೂ ಅಪವ್ಯಯಕ್ಕೂ ಇರುವ ಅಂತರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದರೆ 1991ನೆಯ ವರ್ಷವೊಂದೇ ಸಾಕು. ಆ ವರ್ಷ ರವಿಚಂದ್ರನ್ ಅವರ ‘ಶಾಂತಿ ಕ್ರಾಂತಿ’ ನಾಲ್ಕು ಭಾಷೆಗಳಲ್ಲಿ ತಯಾರಾಗಿ ಬಂದಿತು. ಕನ್ನಡದಲ್ಲಿ ಸ್ವತಃ ರವಿಚಂದ್ರನ್, ತೆಲುಗಿನಲ್ಲಿ ನಾಗಾರ್ಜುನ, ತಮಿಳು ಹಿಂದಿಗಳಲ್ಲಿ ರಜನೀಕಾಂತ್. ಜೊತೆಗೆ ಜೂಹಿ ಚಾವ್ಲಾ, ಖುಷ್ಬೂ, ಮತ್ತು ಖಳನಾಗಿ ಅನಂತನಾಗ್. ಸಂಗೀತ ಹಂಸಲೇಖ ಅವರದು. ಅಖಿಲ ಭಾರತ ಮಟ್ಟದ ಚಿತ್ರವೆಂಬ ಮಾತು ಇಂದಿನ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಒಬ್ಬ ಕನ್ನಡಿಗನು ಅಂಥ ಸಾಹಸಕ್ಕೆ ಕೈಹಾಕಿದನೆಂಬುದು ಗೌರವಾರ್ಹವಾದ ಸಂಗತಿಯೇ. ಆದರೆ ವೈಭವವನ್ನು ಕೂಡಿಸುವುದರಲ್ಲಿ ವ್ಯಯವಾದ ವರ್ಷಗಳ ಮತ್ತು ಹಣದ ಒಂದಂಶವೂ ಪಾತ್ರಗಳನ್ನು ರೂಪಿಸುವುದಕ್ಕೆ ವ್ಯಯವಾದಂತೆ ತೋರಲಿಲ್ಲ. ‘ಹಂಸಗೀತೆ’ಯಲ್ಲಿ ಒಬ್ಬ ಸಂಗೀತಗಾರನ ಅಹಂಕಾರವನ್ನೂ ಆತ್ಮನಿವೇದನೆಯನ್ನೂ ಒಂದೇ ಮುಖದಲ್ಲಿ ತೋರಿಸಿದ ಅನಂತನಾಗ್ ಇಲ್ಲಿ ಕ್ರೂರತೆಯ ಸಿದ್ಧಪ್ರತಿಮೆಯಾಗಿ ನಿಲ್ಲಬೇಕಾಯಿತು. ಚಿತ್ರ ಸೋತು, ಅದರ ಕರ್ತೃವನ್ನು ಬಹು ದೊಡ್ಡ ಆರ್ಥಿಕ ಸಂಕಷ್ಟಕ್ಕೆ ನೂಕಿತು. ಅವರು ಚೇತರಿಸಿಕೊಂಡದ್ದು, ತಮಿಳಿನ ‘ಚಿನ್ನತಂಬಿ’ಯ ಕಥೆಯನ್ನಾಧರಿಸಿದ ‘ರಾಮಾಚಾರಿ’ ಎಂಬ, ಪಾತ್ರವನ್ನು ನಂಬಿದ ಸರಳವಾದ ಚಿತ್ರದಿಂದ.

‘ಶಾಂತಿ ಕ್ರಾಂತಿ’ಯ ತಮಿಳು ರೂಪವಾದ ‘ನಾಟ್ಟುಕ್ಕು ಒರು ನಲ್ಲವನ್’ ಬಂದು ಸುಮಾರು ಒಂದು ತಿಂಗಳು ಕಳೆಯುವಷ್ಟರಲ್ಲಿ, ಅದೇ ವರ್ಷದ ದೀಪಾವಳಿಗೆ, ಅದೇ ರಜನೀಕಾಂತ್ ನಟಿಸಿದ ‘ದಳಪತಿ’ ಬಂದಿತು. ಅದರ ಬಹುಭಾಗ ಚಿತ್ರೀಕರಣವಾದದ್ದು ನಮ್ಮ ಮೇಲುಕೋಟೆ, ಮೈಸೂರುಗಳ ಸುತ್ತಿನಲ್ಲಿ. ಮಮ್ಮೂಟ್ಟಿ, ಅರವಿಂದಸ್ವಾಮಿ, ಶೋಭನಾ, ಭಾನುಪ್ರಿಯಾ, ಗೀತಾ, ಶ್ರೀವಿದ್ಯಾ, ಜೈಶಂಕರ್, ನಾಗೇಶ್, ಅಮರೀಶ್ ಪುರಿ ಎಂಬ ತಾರಾಗಣ ‘ಶಾಂತಿ ಕ್ರಾಂತಿ’ಯದಕ್ಕಿಂತ ಚಿಕ್ಕದೇನೂ ಅಲ್ಲ. ಆದರೆ ಹುಟ್ಟಿದ ಕೂಸನ್ನು ಗೂಡ್ಸು ರೈಲಿನಲ್ಲಿ ತ್ಯಜಿಸಿದ ತಾಯಿ, ದಶಕಗಳ ನಂತರವೂ ದೂರದ ರೈಲಿನ ಕೂಗು ಕೇಳಿದೊಡನೆ ಕಲಕಿಹೋಗುವ ದೃಶ್ಯದಲ್ಲಿ ಶ್ರೀವಿದ್ಯಾ ಅವರು ಮಾತೇ ಇಲ್ಲದೆ ಏನನ್ನು ಸಾಧಿಸಿದರೆಂಬುದನ್ನು ನೋಡಿದವರೆಲ್ಲ ಬಲ್ಲರು. ಕರ್ಣ-ಕುಂತಿಯರ ಕಥೆ ಅಲ್ಲಿ ಕೆಳಗಿನ ಪ್ರವಾಹವಾಗಿ ಹರಿಯುತ್ತಿದ್ದುದರಿಂದ ಒಬ್ಬೊಬ್ಬ ನಟನೂ ತಾನು ಯಾರ ಮಗ, ಯಾರ ಮಿತ್ರ, ಯಾರ ಋಣಿ ಎಂಬುದನ್ನು ತಿಳಿದು ನಿಂತಿದ್ದನು. ನಟ ಒಬ್ಬನೇ, ವರ್ಷ ಒಂದೇ, ಭೇದವಿದ್ದದ್ದು ಬರವಣಿಗೆಯಲ್ಲಿ.

ಬಿಡಿಚಿತ್ರಗಳಿಗಿಂತ ಗಂಭೀರವಾದ ಅಪವ್ಯಯವೆಂದರೆ ಒಬ್ಬ ಕಲಾವಿದನ ಬಾಳಿನ ಉದ್ದಕ್ಕೂ ನಡೆಯುವಂಥದು. ಗಿರೀಶ ಕಾರ್ನಾಡರು 1963ರಿಂದ ಏಳು ವರ್ಷ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಮಾಡಿದರು. ಅವರ ‘ತುಘಲಕ್’ ನಾಟಕ ಬಂದದ್ದು ಆ ಅವಧಿಯಲ್ಲಿ. ಇಲ್ಲಿನ ಮದ್ರಾಸ್ ಪ್ಲೇಯರ್ಸ್ ಎಂಬ ಹವ್ಯಾಸಿ ನಾಟಕತಂಡದ ಒಡನಾಟದಿಂದಲೇ, ಪಟ್ಟಾಭಿರಾಮರೆಡ್ಡಿಯವರ ‘ಸಂಸ್ಕಾರ’ ಚಿತ್ರ 1970ರಲ್ಲಿ ರೂಪುಗೊಂಡಿತು. ಕಾರ್ನಾಡರು ಅದರ ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯನಾಗಿ ನಟಿಸಿದರು, ಲಂಕೇಶರು ನಾರಣಪ್ಪನಾದರು, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾದರು. ತಾರೆಯೆನ್ನಿಸಿಕೊಂಡವರೊಬ್ಬರೂ ಇಲ್ಲದ, ಅತ್ಯಲ್ಪ ವೆಚ್ಚದ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂದಿತು. ಮದರಾಸಿನ ನಾಟಕಪ್ರಿಯರ ಒಂದು ಸಣ್ಣ ಗುಂಪು ಹೀಗೆ ಕನ್ನಡ ಚಿತ್ರರಂಗದ ಹೊಸ ಅಧ್ಯಾಯವನ್ನೇ ತೆರೆಯಿತು.

ಅದೇ ನಗರದ ವಾಣಿಜ್ಯ ಚಿತ್ರೋದ್ಯಮ ಮುಂದೆ ಅದೇ ಮನುಷ್ಯನಿಗೆ ಕೊಟ್ಟದ್ದೇನು? ದ್ವಾರಕೀಶ್ ನಿರ್ದೇಶಿಸಿದ ‘ನಾನ್ ಅಡಿಮೈ ಇಲ್ಲೈ’ 1986ರಲ್ಲಿ ಬಂದಾಗ ರಜನೀಕಾಂತ್, ಶ್ರೀದೇವಿಯರ ಜೊತೆಯಲ್ಲಿ ಕಾರ್ನಾಡರು ನಾಯಕಿಯ ಧನಿಕ ತಂದೆ. 1994ರ ‘ಕಾದಲನ್’ ಚಿತ್ರದಲ್ಲಿ ರಾಜ್ಯಪಾಲ. ಅಲ್ಲಿಯೂ ನಾಯಕಿಯ ತಂದೆ. 1997ರ ‘ರಕ್ಷಗನ್’ ಆ ಕಾಲಕ್ಕೆ ಅಪಾರ ವೆಚ್ಚದ ಚಿತ್ರವೆಂದು ಹೆಸರಾಗಿತ್ತು. ನಾಗಾರ್ಜುನ, ಸುಶ್ಮಿತಾ ಸೇನ್, ರಘುವರನ್, ಎಸ್. ಪಿ. ಬಾಲಸುಬ್ರಹ್ಮಣ್ಯಂ ಇದ್ದರು, ಎ. ಆರ್. ರಹಮಾನರ ಹಾಡುಗಳಿದ್ದವು, ಕಾರ್ನಾಡರು ಮತ್ತೊಮ್ಮೆ ನಾಯಕಿಯ ತಂದೆ. ‘ಕಾದಲನ್’ನ ಖಳತ್ವದಲ್ಲಿ ಅವರಿಗೆ ಸ್ವಲ್ಪ ಅವಕಾಶವಿತ್ತೆಂದು ಒಪ್ಪಬಹುದು. ಉಳಿದೆರಡರಲ್ಲಿ ಅವರಿಂದ ಬೇಕಾಗಿದ್ದದ್ದು ಒಳ್ಳೆಯ ಉಡುಪು, ಗಂಭೀರವಾದ ನಿಲುವು, ನಾಯಕನನ್ನು ತಿರಸ್ಕರಿಸುವ ಒಂದು ನೋಟ. ಕಾರ್ನಾಡರು ಆ ಪಾತ್ರಗಳನ್ನು ಇಷ್ಟಪಟ್ಟೇ ಒಪ್ಪಿದ್ದಿರಬಹುದು. ಆ ಸಂಪಾದನೆ ಅವರ ನಾಟಕರಚನೆಗೆ ಬಿಡುವನ್ನೂ ಕೊಟ್ಟಿರಬಹುದು. ಕಲಾವಿದನ ಆ ಸ್ವಾತಂತ್ರ್ಯವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಆದರೆ ಪ್ರಾಣೇಶಾಚಾರ್ಯನ ಅಂತರಂಗದ ಕುಸಿತವನ್ನು ಕಣ್ಣಂಚಿನಲ್ಲಿ ತೋರಿಸಿದವನು ತಮ್ಮ ಅಂಗಳಕ್ಕೆ ಬಂದು ನಿಂತಿರುವಾಗ, ಅವನಿಗಾಗಿ ಒಂದು ದೃಶ್ಯವನ್ನಾದರೂ ಬೇರೆಯಾಗಿ ಬರೆಯಬೇಕೆಂದು ಯಾರಿಗೂ ತೋರದೆ ಹೋದದ್ದು ಉದ್ಯಮದ ಕಲ್ಪನಾದಾರಿದ್ರ್ಯವಲ್ಲದೆ ಮತ್ತೇನು?

ವಿಷ್ಣುವರ್ಧನರ ವಿಷಯದಲ್ಲಿಯೂ ಹಾಗೆಯೇ ಆಯಿತು. ‘ವಂಶವೃಕ್ಷ’ದಿಂದ ಹೊರಟು ‘ನಾಗರಹಾವಿ’ನಲ್ಲಿ ನಾಡನ್ನೇ ಗೆದ್ದ ಆ ನಟ, 1986ರ ‘ವಿಡುದಲೈ’ಯಲ್ಲಿ ಶಿವಾಜಿ ಗಣೇಶನ್ ಮತ್ತು ರಜನೀಕಾಂತರೊಡನೆ ಸೇರಿದ್ದರು. ಮೂವರು ಸಮರ್ಥರನ್ನು ಒಂದೆಡೆ ಕೂಡಿಸುವ ಆ ಅಪೂರ್ವಾವಕಾಶ, ಹಿಂದಿಯ ‘ಕುರ್ಬಾನಿ’ಯನ್ನು ಮತ್ತೆ ಮಾಡುವುದರಲ್ಲಿ ಮುಗಿದುಹೋಯಿತು. ಬೇರೆ ಮೂವರಿಗಾಗಿ ಹೊಲಿದ ಅಂಗಿಯನ್ನು ಇವರಿಗೆ ತೊಡಿಸಿದ್ದರಿಂದ ಯಾರ ಮೈಗೂ ಅದು ಒಪ್ಪಲಿಲ್ಲ.

ಇದಕ್ಕೆ ಪ್ರತಿಯಾಗಿ ನಾಗೇಶರನ್ನು ನೆನೆಯಬೇಕು. ಧಾರಾಪುರದ ಕನ್ನಡ ಮಾತಿನ ಮಾಧ್ವ ಕುಟುಂಬದಲ್ಲಿ ಹುಟ್ಟಿ, ಮದರಾಸಿನಲ್ಲಿ ರೈಲ್ವೆ ಗುಮಾಸ್ತನಾಗಿದ್ದು, ತಮಿಳು ಚಿತ್ರರಂಗದ ಅದ್ವಿತೀಯ ನಟರಾದವರು ಅವರು. ‘ತಿರುವಿಳೈಯಾಡಲ್’ ಚಿತ್ರದ ಬಡಕವಿ ಧರುಮಿ ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಆದರೆ ಆ ಚಿತ್ರವೆಂದೊಡನೆ ಶಿವನ ಜೊತೆಗೇ ಅವನೂ ಕಣ್ಣಮುಂದೆ ಬರುತ್ತಾನೆ. 1994ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ನಿರ್ದೇಶಿಸಿದ ‘ಮಗಳಿರ್ ಮಟ್ಟುಂ’ ಚಿತ್ರದಲ್ಲಿ ನಾಗೇಶರು ವಹಿಸಿದ್ದು ಒಂದು ಶವದ ಪಾತ್ರ. ಮಾತಿಲ್ಲ, ಕಣ್ಣು ತೆರೆಯುವಂತಿಲ್ಲ, ಉಸಿರಾಡುವುದು ಕಾಣಿಸುವಂತಿಲ್ಲ. ಆದರೂ ಹೆದರಿದ ಹೆಂಗಸರ ಕೈಯಲ್ಲಿ ಸಿಕ್ಕಿಕೊಂಡ ಆ ದೇಹದ ಭಾರ, ಅದು ವಾಲುವ ರೀತಿ, ಅದರ ಜೋಲುವ ಕತ್ತು, ಇವುಗಳಿಂದಲೇ ಅವರು ಪ್ರೇಕ್ಷಾಗೃಹವನ್ನು ನಗಿಸಿದರು. ಶವಕ್ಕೂ ಒಂದು ಕಾರ್ಯವನ್ನು ವಿಧಿಸಿದ ಚಿತ್ರಕಥೆ ಅದು. ಜೀವಂತವಾಗಿ ನಿಂತಿರುವ ಹತ್ತು ಮಂದಿ ಮಹಾನಟರಿಗೆ ಒಂದು ಕಾರ್ಯವನ್ನೂ ಕೊಡಲಾರದ ಇಂದಿನ ಭಾರಿ ಚಿತ್ರಕಥೆಗಳು ಈ ನಿದರ್ಶನದೆದುರಿಗೆ ತಲೆತಗ್ಗಿಸಬೇಕು.

2024ರ ಜುಲೈ 12ರಂದು ಬಂದ ‘ಇಂಡಿಯನ್ 2’ ಈ ಅಪವ್ಯಯಕ್ಕೆ ಇನ್ನೊಂದು ದುಃಖದ ಮುಖವನ್ನು ಸೇರಿಸಿತು. ಅದರಲ್ಲಿ ನಟಿಸಿದ್ದವರಲ್ಲಿ ಹಾಸ್ಯನಟ ವಿವೇಕ್ 2021ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು, ಕೇರಳದ ಮಹಾನಟ ನೆಡುಮುಡಿ ವೇಣು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮನೋಬಾಲಾ 2023ರಲ್ಲಿ. ವರ್ಷಗಟ್ಟಲೆ ಎಳೆದ ಆ ಚಿತ್ರದ ನಿರ್ಮಾಣಕಾಲದಲ್ಲಿ, 2020ರ ಫೆಬ್ರವರಿಯಲ್ಲಿ, ಚೆನ್ನೈ ಹೊರವಲಯದ ಚಿತ್ರೀಕರಣದ ಸ್ಥಳದಲ್ಲಿ ಕ್ರೇನ್ ಉರುಳಿ ಮೂವರು ಪ್ರಾಣ ಕಳೆದುಕೊಂಡಿದ್ದರು. ತೀರಿಹೋದ ನಟರ ಭಾಗಗಳನ್ನು ಬೇರೆ ದೇಹಗಳಿಂದಲೂ ಗಣಕಯಂತ್ರದ ಕೌಶಲದಿಂದಲೂ ಪೂರ್ತಿಗೊಳಿಸಿದರು. ಇಷ್ಟೆಲ್ಲವನ್ನೂ ಭರಿಸಿಕೊಂಡು ಹೊರಬಂದ ಕೃತಿಯಲ್ಲಿ ಅವರ ಪಾಲಿಗಿದ್ದದ್ದು ಯಾರು ಬೇಕಾದರೂ ಆಡಬಹುದಾದ ನಾಲ್ಕು ಮಾತುಗಳು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಚಿತ್ರದಿಂದ ಸುಮಾರು 12 ನಿಮಿಷಗಳನ್ನು ಕತ್ತರಿಸಿ ತೆಗೆಯಬೇಕಾಯಿತು. ಒಬ್ಬ ಕಲಾವಿದನ ಅಂತಿಮ ದಿನಗಳ ಕೆಲಸವನ್ನು ಸ್ವೀಕರಿಸುವುದೆಂದರೆ ಒಂದು ನ್ಯಾಸವನ್ನು ಹೊತ್ತಂತೆ. ಅವರು ಯಾವಾಗ ತೀರಿಕೊಳ್ಳುವರೆಂದು ನಿರ್ಮಾಪಕನು ಮುಂಚಿತವಾಗಿ ತಿಳಿಯಲಾರನು, ನಿಜ. ಅದಕ್ಕಾಗಿಯೇ ಪ್ರತಿಯೊಬ್ಬ ನಟನ ಪ್ರತಿಯೊಂದು ದಿನವನ್ನೂ ಅಮೂಲ್ಯವೆಂದು ಭಾವಿಸಿ ಬಳಸತಕ್ಕದ್ದು.

ಇಂಥ ಚಿತ್ರಗಳು ಹುಟ್ಟುವ ಕಾರಣವನ್ನು ಹುಡುಕಹೊರಟರೆ ನಾವು ತಲುಪುವುದು ವ್ಯಾಪಾರದ ಲೆಕ್ಕವನ್ನು. ದೊಡ್ಡ ಚಿತ್ರವೊಂದರ ಚಿತ್ರಕಥೆ ಮುಗಿಯುವುದಕ್ಕೆ ಮೊದಲೇ ಅದರ ವಿತರಣೆಯ ಹಕ್ಕು ಪ್ರಾಂತಪ್ರಾಂತವಾಗಿ, ಟಿವಿ ಹಕ್ಕು, ಓಟಿಟಿ ಹಕ್ಕು, ಹಾಡುಗಳ ಹಕ್ಕು ಬೇರೆ ಬೇರೆಯಾಗಿ ಮಾತಿಗೆ ಬರುತ್ತವೆ. ಕೊಳ್ಳುವವನ ಮುಂದೆ ಇಡುವುದಕ್ಕೆ ಆಗ ಕಥೆಯಿಲ್ಲ, ಹೆಸರುಗಳಿವೆ. ಕರ್ನಾಟಕದ ಮಾರುಕಟ್ಟೆಗೆ ಕನ್ನಡದವನೊಬ್ಬ, ಆಂಧ್ರ ತೆಲಂಗಾಣಗಳಿಗೆ ತೆಲುಗಿನವನೊಬ್ಬ, ಕೇರಳಕ್ಕೆ ಒಬ್ಬ, ಉತ್ತರಕ್ಕೆ ಮತ್ತೊಬ್ಬ ಎಂದು ತಾರಾಗಣ ತೀರ್ಮಾನವಾದ ಮೇಲೆ, ಅವರೆಲ್ಲರಿಗೂ ಎಲ್ಲಿ ಜಾಗಮಾಡುವುದೆಂದು ಬರಹಗಾರನು ತಡಕಾಡಬೇಕಾಗುತ್ತದೆ. ಅವರವರ ಕಾಲ್‌ಷೀಟುಗಳು ಕೂಡಿಬರುವುದಿಲ್ಲ; ಎದುರುಬದುರು ನಿಂತು ಆಡಬೇಕಾದವರು ಬೇರೆ ಬೇರೆ ತಿಂಗಳುಗಳಲ್ಲಿ ಬಂದು, ಎದುರಿಗೆ ಡೂಪನ್ನು ನಿಲ್ಲಿಸಿಕೊಂಡು ಮಾತು ಒಪ್ಪಿಸಿ ಹೋಗುತ್ತಾರೆ. ಅಭಿನಯವೆಂಬುದು ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವುದರಿಂದ ಹುಟ್ಟುವಂಥದು. ಕೇಳಿಸಿಕೊಳ್ಳುವುದಕ್ಕೆ ಎದುರಿಗೆ ಯಾರೂ ಇಲ್ಲದ ಕಡೆ ಎಂಥ ಪ್ರತಿಭಾವಂತನೂ ಒಣಗಿಹೋಗುವನು.

ಎರಡನೆಯ ಕಾರಣ, ಒಬ್ಬನೇ ತಾರೆಯ ಪ್ರಭಾವಳಿಗಾಗಿ ಕಥೆಯ ತೂಕವನ್ನು ಕದಲಿಸುವುದು. ಮಲಯಾಳದ ‘ಕಥ ಪರಯುಂಬೋಳ್’ ಒಬ್ಬ ಬಡ ಕ್ಷೌರಿಕನ ಕಥೆ. ಅವನ ಬಾಲ್ಯಸ್ನೇಹಿತನಾದ ಪ್ರಸಿದ್ಧ ನಟ ಹೆಚ್ಚುಕಡಮೆ ಕೊನೆಯಲ್ಲಿ ಕಾಣಿಸಿಕೊಂಡು ಎಲ್ಲರ ಕಣ್ಣನ್ನೂ ತೇವಮಾಡುತ್ತಾನೆ. ಅದನ್ನು 2008ರಲ್ಲಿ ತಮಿಳಿನಲ್ಲಿ ‘ಕುಸೇಲನ್’ ಎಂದು ಮಾಡಿದಾಗ ಪಿ. ವಾಸು ಅವರು ಆ ಪ್ರಸಿದ್ಧ ನಟನ ಪಾತ್ರವನ್ನು ರಜನೀಕಾಂತರಿಗಾಗಿ ಹಿಗ್ಗಿಸಿದರು. ಕ್ಷೌರಿಕನ ಪಾತ್ರ ವಹಿಸಿದ, ಕೂತ್ತುಪ್ಪಟ್ಟರೈ ನಾಟಕತಂಡದಲ್ಲಿ ಬೆಳೆದ ಪಶುಪತಿ ತಮ್ಮದೇ ಕಥೆಯೊಳಗೆ ಅತಿಥಿಯಂತಾದರು. ಕಾಯಿಸಿ ಕಾಯಿಸಿ ಕೊನೆಗೆ ಬರಬೇಕಾಗಿದ್ದ ಸ್ನೇಹಿತನು ಮೊದಲಿನಿಂದಲೂ ಕಣ್ಣೆದುರಿಗಿದ್ದುದರಿಂದ ಕೊನೆಯ ದೃಶ್ಯದ ಬಲವೂ ಕುಗ್ಗಿತು, ಚಿತ್ರವೂ ಸೋತಿತು. ಇಲ್ಲಿ ಚಿಕ್ಕ ನಟನಿಗೆ ಅನ್ಯಾಯವಾದದ್ದರಿಂದ ದೊಡ್ಡ ತಾರೆಗೂ ಲಾಭವಾಗಲಿಲ್ಲವೆಂಬುದನ್ನು ಚಿತ್ರೋದ್ಯಮಿಗಳು ಮನಗಾಣಬೇಕು.

ಚಿಕ್ಕ ಪಾತ್ರವೂ ಹೇಗೆ ಸಾರ್ಥಕವಾಗಬಲ್ಲುದೆಂಬುದಕ್ಕೆ ಇತ್ತೀಚಿನ ನಿದರ್ಶನವೂ ಉಂಟು. 2023ರ ‘ಜೈಲರ್’ ಚಿತ್ರದಲ್ಲಿ, ಮದರಾಸಿನಲ್ಲಿಯೇ ಹುಟ್ಟಿದ ನಮ್ಮ ಶಿವರಾಜಕುಮಾರ್ ಮಂಡ್ಯದ ನರಸಿಂಹನಾಗಿ ಬರುವುದು ಅತ್ಯಲ್ಪ ಕಾಲ. ಆದರೆ ಆ ನರಸಿಂಹನಿಗೂ ಕಥಾನಾಯಕನಿಗೂ ಹಿಂದಿನದೊಂದು ಋಣಾನುಬಂಧವಿತ್ತು; ಆದ್ದರಿಂದ ಅವನು ನಡೆದುಬಂದಾಗ ಚೆನ್ನೈಯ ಚಿತ್ರಮಂದಿರಗಳಲ್ಲಿ ತಮಿಳು ಪ್ರೇಕ್ಷಕರೇ ಎದ್ದು ಹರ್ಷಧ್ವನಿ ಮಾಡಿದರು. ಕಿಶೋರ್ ಅವರನ್ನು ವೆಟ್ರಿಮಾರನ್ ‘ಪೊಲ್ಲಾದವನ್’, ‘ಆಡುಕಳಂ’ ಚಿತ್ರಗಳಲ್ಲಿ ಬಳಸಿಕೊಂಡ ಬಗೆಯೂ, ಪ್ರಕಾಶ್ ರೈ ಅವರಿಗೆ ‘ಇರುವರ್’, ‘ಕಾಂಚೀವರಂ’ ಚಿತ್ರಗಳು ರಾಷ್ಟ್ರಪ್ರಶಸ್ತಿಗಳನ್ನು ತಂದುಕೊಟ್ಟ ಬಗೆಯೂ ಇದನ್ನೇ ಸಾರುತ್ತವೆ. ಆದರೆ ಕಾಂಚೀವರದ ನೇಕಾರನಾಗಿ ನಮ್ಮನ್ನು ಕಲಕಿದ ಅದೇ ಪ್ರಕಾಶ್ ರೈ ‘ಅಣ್ಣಾತ್ತೆ’ಯಂಥ ಚಿತ್ರದಲ್ಲಿ ಏಕೆ ಇರಬೇಕಾಯಿತೆಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಚಿತ್ರ ಹಣಮಾಡಿತಲ್ಲ, ನಟನಿಗೂ ಸಂಭಾವನೆ ಸಂದಿತಲ್ಲ, ಅಪವ್ಯಯವೆಲ್ಲಿ ಎಂಬುದು ಮೊದಲನೆಯದು. ‘ಕೂಲಿ’ ಗಳಿಕೆಯಲ್ಲಿ ಸೋತ ಚಿತ್ರವೇನಲ್ಲ. ಆದರೆ ಹಣ ನಟನ ಸಮಯದ ಬೆಲೆಯನ್ನು ತೀರಿಸಬಲ್ಲುದೇ ಹೊರತು, ಆ ಸಮಯದಲ್ಲಿ ಹುಟ್ಟಬಹುದಾಗಿದ್ದ ಕಲೆಯ ಬೆಲೆಯನ್ನು ತೀರಿಸಲಾರದು. ಆ ಸಾಲ ಪ್ರೇಕ್ಷಕಸಮಾಜಕ್ಕೆ ಸಲ್ಲಬೇಕಾದದ್ದು. ಕಲೆಯಲ್ಲಿ ಸೋಲು ಸಹಜ, ಸೋತವರನ್ನೆಲ್ಲ ದೂಷಿಸಬಾರದು ಎಂಬುದು ಎರಡನೆಯದು. ಇದು ನಿಜವಾದ ಮಾತು. ಆದರೆ ಸೋಲು ಬೇರೆ, ಅಪವ್ಯಯ ಬೇರೆ. ಕಮಲ್ ಹಾಸನ್ ಅವರ ‘ಹೇ ರಾಮ್’ 2000ದಲ್ಲಿ ಗಳಿಕೆಯಲ್ಲಿ ಸೋತಿತು. ಆದರೆ ಗಾಂಧೀಜಿಯಾದ ನಸೀರುದ್ದೀನ್ ಶಾ, ಓಂ ಪುರಿ, ಶಾರುಖ್ ಖಾನ್, ರಾಣಿ ಮುಖರ್ಜಿ, ನಮ್ಮ ಕಾರ್ನಾಡರು, ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ, ಇವರಲ್ಲಿ ಒಬ್ಬರನ್ನೂ ಅದು ನಿರರ್ಥಕವಾಗಿ ನಿಲ್ಲಿಸಲಿಲ್ಲ. ಅತುಲ್ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂದಿತು. ಉನ್ನತವಾದುದನ್ನು ಬಯಸಿ ಸೋತ ಕೃತಿಯನ್ನು ಕಾಲ ಕೈಹಿಡಿದು ಎತ್ತುತ್ತದೆ. ನಟರನ್ನು ಹೆಸರಿನ ಚೀಟಿಗಳಂತೆ ಜೋಡಿಸಿದ ಕೃತಿಗೆ ಆ ಭಾಗ್ಯವಿಲ್ಲ.

ಈ ರೋಗ ಇಂದು ಬೆಂಗಳೂರಿಗೂ ಹಬ್ಬಿದೆ. 2023ರ ‘ಕಬ್ಜ’ದಲ್ಲಿ ಉಪೇಂದ್ರ, ಸುದೀಪ್, ಶಿವರಾಜಕುಮಾರ್ ಮೂವರೂ ಇದ್ದೂ ಒಬ್ಬರ ಸಾಮರ್ಥ್ಯವೂ ಪ್ರಕಟವಾಗದೆ ಹೋದದ್ದನ್ನು ನಾವು ನೋಡಿದ್ದೇವೆ. ಆದ್ದರಿಂದ ಚೆನ್ನೈಯ ಉದ್ಯಮವನ್ನು ದೂರಿ ನಮ್ಮವರು ಕೈತೊಳೆದುಕೊಳ್ಳುವಂತಿಲ್ಲ. ಇದಕ್ಕೆ ಪರಿಹಾರವಾಗಿ ಮೂರು ಕೆಲಸಗಳು ಆಗಬೇಕು. ಮೊದಲನೆಯದಾಗಿ, ಚಿತ್ರಕಥೆ ಸಂಪೂರ್ಣವಾಗಿ ಸಿದ್ಧವಾಗುವವರೆಗೆ ತಾರಾಗಣವನ್ನು ಪ್ರಕಟಿಸುವುದಿಲ್ಲವೆಂಬ ಶಿಸ್ತನ್ನು ನಿರ್ಮಾಪಕರು ತಮಗೆ ತಾವೇ ವಿಧಿಸಿಕೊಳ್ಳಬೇಕು. ಎರಡನೆಯದಾಗಿ, ಪರಭಾಷೆಯ ಆಹ್ವಾನ ಬಂದಾಗ ನಮ್ಮ ನಟರು ಸಂಭಾವನೆ ಎಷ್ಟು, ನಾಯಕನಾರು ಎಂಬ ಪ್ರಶ್ನೆಗಳೊಡನೆ, ನನ್ನ ಪಾತ್ರವನ್ನು ತೆಗೆದುಬಿಟ್ಟರೆ ಕಥೆಯಲ್ಲಿ ಏನು ಮುರಿಯುತ್ತದೆ ಎಂಬ ಪ್ರಶ್ನೆಯನ್ನೂ ತಪ್ಪದೆ ಕೇಳಬೇಕು. ಏನೂ ಮುರಿಯುವುದಿಲ್ಲವೆಂದಾದರೆ ಅಲ್ಲಿಗೆ ಹೋಗುವುದು ಅವರ ಕಲೆಗೆ ಗೌರವವಲ್ಲ, ಅವರನ್ನು ಕಳುಹಿಸಿಕೊಟ್ಟ ಕನ್ನಡಕ್ಕೂ ಗೌರವವಲ್ಲ. ಮೂರನೆಯದಾಗಿ, ವಿಮರ್ಶಕರು ಗಳಿಕೆಯ ಕೋಟಿಗಳನ್ನು ಎಣಿಸುವುದನ್ನು ವ್ಯಾಪಾರಿಗಳಿಗೆ ಬಿಟ್ಟು, ಯಾವ ನಟನಿಗೆ ಯಾವ ಅವಕಾಶ ದೊರೆಯಿತು, ಯಾರಿಗೆ ತಪ್ಪಿತು ಎಂಬುದನ್ನು ಹೆಸರು ಹಿಡಿದು ಬರೆಯಬೇಕು.

ಎಲ್ಲಕ್ಕಿಂತ ಹೆಚ್ಚಿನ ಹೊಣೆ ಪ್ರೇಕ್ಷಕರದು. ಭಿತ್ತಿಪತ್ರದ ಮೇಲಿನ ಮುಖಗಳ ಸಂಖ್ಯೆಯನ್ನು ನೋಡಿ ಮೊದಲ ದಿನದ ಟಿಕೆಟ್ಟನ್ನು ಕೊಳ್ಳುವವರು ನಾವೇ ಆಗಿರುವವರೆಗೆ, ಆ ಮುಖಗಳ ಹಿಂದೆ ಮನುಷ್ಯರನ್ನು ಸೃಷ್ಟಿಸಬೇಕಾದ ಅಗತ್ಯ ಯಾವ ನಿರ್ಮಾಪಕನಿಗೂ ಕಾಣುವುದಿಲ್ಲ. ಹೆಸರುಗಳಿಗಾಗಿ ಹಣ ತೆರುವುದನ್ನು ನಾವು ನಿಲ್ಲಿಸಿ, ಪಾತ್ರಗಳಿಗಾಗಿ ತೆರಲು ಆರಂಭಿಸಿದರೆ, ಬರಹಗಾರನ ಮೇಜಿಗೆ ಅವನಿಗೆ ಸಲ್ಲಬೇಕಾದ ಕಾಲವೂ ಸಂಭಾವನೆಯೂ ತಾವಾಗಿ ಬಂದು ಸೇರುವುವು; ನಮ್ಮ ಕಾಲದಲ್ಲಿ ಬದುಕಿ ದುಡಿಯುತ್ತಿರುವ ಅನೇಕ ಸಮರ್ಥ ನಟನಟಿಯರು ತಮ್ಮ ಶಕ್ತಿಗೆ ತಕ್ಕ ಕೆಲಸವನ್ನು ಮಾಡಿ ಹೋಗುವುದಕ್ಕೆ ಇದಕ್ಕಿಂತ ನೇರವಾದ ಮಾರ್ಗ ಬೇರೊಂದಿಲ್ಲ.